ಕಲಬುರಗಿಯಲ್ಲಿ ಮನೆ ಕೊಳ್ಳುವ ಮುನ್ನ ಒಳಗಿರುವವರು ಯಾರೆಂದು ತಿಳಿಯುವ ಬಗೆ

ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವವರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ, ಮಹಾನಗರ ಪಾಲಿಕೆಯ ಖಾತೆಯನ್ನೂ ತೆರಿಗೆ ರಸೀದಿಯನ್ನೂ ನೋಡಿ, ಇಸಾರದ (ಮುಂಗಡ) ಹಣ ಕೊಟ್ಟುಬಿಡುತ್ತಾರೆ. ಆದರೆ ಆ ಮನೆಯಲ್ಲಿ ಯಾರು ಯಾವ ಹಕ್ಕಿನಿಂದ ವಾಸವಾಗಿದ್ದಾರೆ ಎಂಬುದನ್ನು ಈ ಕಾಗದಗಳು ಪೂರ್ತಿಯಾಗಿ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮಿನ ವಿವರಣೆಯಂತೆ, ಆಸ್ತಿಯು ಯಾರ ವಾಸ್ತವ ಸ್ವಾಧೀನದಲ್ಲಿದೆಯೋ ಅವರಿಗಿರುವ ಹಕ್ಕು ಕೊಳ್ಳುವವರಿಗೆ ತಿಳಿದೇ ಇತ್ತೆಂದು ಭಾವಿಸಲಾಗುತ್ತದೆ. ಆದ್ದರಿಂದ 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಮುಂದೆ ನಿಲ್ಲುವುದು ಕಷ್ಟ.

ಇಸಾರಕ್ಕೆ ಮೊದಲು ಮನೆಗೆ ಎರಡು ಸಲವಾದರೂ ಹೋಗಬೇಕು, ಒಮ್ಮೆ ಮಾರುವವರಾಗಲಿ ದಲ್ಲಾಳಿಯಾಗಲಿ ಜೊತೆಗಿಲ್ಲದೆ. ಜೇವರ್ಗಿ ರಸ್ತೆಯ ಕಡೆ ನಾನು ನೋಡಿದ ಮನೆಯೊಂದರ ಋಣಭಾರ ಪತ್ರ ಶುದ್ಧವಾಗಿತ್ತು. ಸಂಜೆ ಒಬ್ಬನೇ ಹೋದಾಗ, ಹಿಂಬದಿಯ ಎರಡು ಕೋಣೆಗಳಲ್ಲಿದ್ದ ತಾಯಿಯೊಬ್ಬರು ತಗಡಿನ ಪೆಟ್ಟಿಗೆಯಿಂದ ನಾಲ್ಕು ಮಡಿಕೆಯ ಬಾಂಡ್ ಪೇಪರ್ ತೆಗೆದು ತೋರಿಸಿದರು. ಮೂರು ಲಕ್ಷ ರೂಪಾಯಿ ಕೊಟ್ಟು ಅವರು ಲೀಸಿಗಿದ್ದರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ನೋಂದಾಯಿಸದ ಕಾಗದ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಆ ಕಾಗದ ದುರ್ಬಲವೆಂದು ವಕೀಲರು ಹೇಳಬಹುದು, ಆದರೆ ಜೀವಮಾನದ ಉಳಿತಾಯ ಕೈಗೆ ಬಾರದೆ ಅವರು ಮನೆ ಬಿಡಲಿ ಎಂದು ಬಯಸುವುದು ನ್ಯಾಯವಲ್ಲ.

ಎಂದಿನಿಂದ ಇದ್ದೀರಿ, ಬಾಡಿಗೆ ಯಾರ ಕೈಗೆ ಕೊಡುತ್ತೀರಿ, ಡಿಪಾಜಿಟ್ ಎಷ್ಟು, ಗೃಹಜ್ಯೋತಿಗೆ ಯಾರ ಆಧಾರ್ ಜೋಡಿಸಿದೆ ಎಂದು ಮರ್ಯಾದೆಯಿಂದ ಕೇಳಿದರೆ ಬಹುಪಾಲು ಜನ ನಿಜ ಹೇಳುತ್ತಾರೆ. ಬಾಡಿಗೆ ಕೊಡದೆ ಇರುವ ಅಣ್ಣ, ತಂಗಿ ಅಥವಾ ಚಿಕ್ಕಮ್ಮ ಕಂಡುಬಂದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅವರಿಗೆ ಮನೆಯಲ್ಲಿ ಪಾಲೇ ಇರಬಹುದು.

ಮನೆ ಖಾಲಿಯಾಗಿ ಸಿಗಬೇಕೋ ಬಾಡಿಗೆದಾರರ ಸಮೇತವೋ ಎಂಬುದನ್ನು ಇಸಾರ ಪತ್ರದಲ್ಲೇ ಬರೆಸಿರಿ. ಖಾಲಿ ಬೇಕಿದ್ದರೆ, ನೋಂದಣಿಯ ದಿನ ಬೆಳಿಗ್ಗೆ ಪ್ರತಿ ಕೋಣೆಯನ್ನೂ ನೋಡಿ, ಕೀಲಿಗಳನ್ನು ಪಡೆದ ಮೇಲೆಯೇ ಕೊನೆಯ ಕಂತು ಕೊಡಬೇಕು. ಬಾಡಿಗೆದಾರರು ಮುಂದುವರಿಯುವುದಾದರೆ, ಅವರ ಡಿಪಾಜಿಟ್ಟನ್ನು ಬೆಲೆಯಲ್ಲಿ ಕಡಿತ ಮಾಡಿ ಖರೀದಿ ಪತ್ರದಲ್ಲಿ ನಮೂದಿಸಿ, ಹಳೆಯ ಹಾಗೂ ಹೊಸ ಮಾಲೀಕರಿಬ್ಬರ ಸಹಿಯುಳ್ಳ ಪತ್ರವನ್ನು ಅವರ ಕೈಗೆ ಕೊಡಬೇಕು. ಮಾರಾಟದ ಸಂಗತಿ ತಿಳಿಯದೆ ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಎರಡನೇ ಸಲ ಕೇಳುವಂತಿಲ್ಲ.

ಹೊರಗಿನಿಂದ ಕೀಲಿ ಹಾಕುವುದು, ನೀರು ನಿಲ್ಲಿಸುವುದು ಖಂಡಿತ ಬೇಡ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು, ಮಾಲೀಕತ್ವ ನಿಮ್ಮದೇ ಆಗಿದ್ದರೂ.

ನೀವೇ ಬಾಡಿಗೆಗೆ ಕೊಡುವಾಗ 11 ತಿಂಗಳ ಕರಾರು ಮಾಡಿಕೊಂಡು, ಅವಧಿ ಮುಗಿಯುವ ಮೊದಲೇ ನವೀಕರಿಸಿರಿ. ಕರಾರಿಲ್ಲದ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ನೋಟಿಸು ಬೇಕಾಗುತ್ತದೆ. ಒಳಗೆ ಬರುವ ದಿನ ಶಹಾಬಾದ್ ಕಲ್ಲಿನ ನೆಲ, ಬೋರಿನ ಮೋಟಾರು, ಜೆಸ್ಕಾಂ ಮೀಟರಿನ ಅಂಕಿ ಇವುಗಳ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿರಿ. ಬಿಡುವ ದಿನ ಅದೇ ಅಂಕಿಯಿಂದ ಲೆಕ್ಕ ಹಾಕಿ, ಗೃಹಜ್ಯೋತಿಯಿಂದ ಅವರ ಆಧಾರ್ ತೆಗೆಸಿ, ಡಿಪಾಜಿಟ್ಟಿನ ಬಾಕಿಯನ್ನು ಅಲ್ಲಿಯೇ ಕೊಟ್ಟು ಕೀಲಿ ಪಡೆಯಿರಿ.