ಓದು ಬರಹದ ಗುಂಪಿಗೆ ಹೆಸರಿಡುವಾಗ

ವಯಸ್ಕರಿಗೆ ಓದು ಬರಹ ಕಲಿಸುವ ಗುಂಪಿನ ಹೆಸರು ಗಟ್ಟಿ ಮಾಡುವ ಮುಂಚೆ ಕಲಿಯಲು ಬರುವವರ ಬಾಯಲ್ಲೇ ಹೇಳಿಸಿ ನೋಡಿ: “ಸಂಜೆ ಓದು ಬರಹ ಬಳಗಕ್ಕೆ ಹೋಗಬೇಕು.” ಬೀಗರ ಎದುರಿಗೂ ತಡವರಿಸದೆ ಹೇಳುವಂತಿದ್ದರೆ ಆ ಹೆಸರು ಆಗುತ್ತದೆ. ‘ಅನಕ್ಷರಸ್ಥರ’, ‘ಹಿಂದುಳಿದವರ’, ‘ಉದ್ಧಾರ’ ಎಂದೆಲ್ಲ ಇದ್ದರೆ ಹೇಳಿದಾಗಲೆಲ್ಲ ತಮ್ಮ ಕೊರತೆಯನ್ನೇ ಸಾರಿದಂತಾಗುತ್ತದೆ. ಜನ ಮೆಲ್ಲಗೆ ಬರುವುದನ್ನೇ ಬಿಡುತ್ತಾರೆ. ಕೇಂದ್ರ ಸರ್ಕಾರವೂ 2022ರ ಸಾಕ್ಷರತಾ ಯೋಜನೆಯಲ್ಲಿ ‘ವಯಸ್ಕರ ಶಿಕ್ಷಣ’ವನ್ನು ಬಿಟ್ಟು ‘ಎಲ್ಲರಿಗೂ ಶಿಕ್ಷಣ’ ಎಂದಿತು, 15 ವರ್ಷ ತುಂಬಿದ ಕಲಿಯುವವರೆಲ್ಲರನ್ನೂ ಹಳೆಯ ಮಾತು ಒಳಗೊಳ್ಳುವುದಿಲ್ಲವೆಂದು. ಒತ್ತಕ್ಷರ ಇಲ್ಲದ ಹೆಸರಾದರೆ ಇನ್ನೂ ಒಳ್ಳೆಯದು: ‘ಸಾಕ್ಷರತಾ’ದ ಕ್ಷ ಕಲಿಯುವುದು ಪಾಠದ ಕೊನೆಗೆ, ‘ಓದು ಬರಹ ಬಳಗ’ವನ್ನು ಹೊಸಬರು ಬೇಗನೆ ತಾವೇ ಬೋರ್ಡಿನಲ್ಲಿ ಓದಿಕೊಳ್ಳುತ್ತಾರೆ. ಊರಿನ ಹೆಸರು ಸೇರಿಸಿ, ಕೇರಿಯದು ಬೇಡ. ಕೇರಿಯ ಹೆಸರು ಬಹಳ ಕಡೆ ಜಾತಿಯನ್ನೇ ಹೇಳುತ್ತದೆ. ದೇವರ ಹೆಸರೂ ಬೇಡ. ಮೂರು ಹೆಸರುಗಳಲ್ಲಿ ಒಂದನ್ನು ಆರಿಸಲು ಕೈ ಎತ್ತಿಸಬೇಡಿ, ಊರಿನ ದೊಡ್ಡವರ ಮುಖ ನೋಡಿ ಕೈ ಏಳುತ್ತದೆ. ಮೂರು ಮುಚ್ಚಿದ ಡಬ್ಬಿಗಳಿಗೆ ಸೂರ್ಯ, ಎಲೆ, ದೀಪದ ಚಿತ್ರ ಅಂಟಿಸಿ, ಯಾವ ಚಿತ್ರಕ್ಕೆ ಯಾವ ಹೆಸರೆಂದು ಎರಡು ಸಲ ಜೋರಾಗಿ ಹೇಳಿ, ಮರೆಯಲ್ಲಿ ತಲೆಗೊಂದು ಹುಣಸೆ ಬೀಜ ಹಾಕಿಸಿ. ಪಾಠ ನಡೆಯುವುದು ಕೆಲವರು ಕಾಲಿಡಲು ಹಿಂಜರಿಯುವ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಆದರೆ ಯಾವ ಹೆಸರೂ ಕೆಲಸ ಮಾಡದು, ಮೊದಲು ಜಾಗ ಬದಲಿಸಿ. ಗುಂಪನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಅದೇ ಹೆಸರಿನ ಸಂಘ ಈಗಾಗಲೇ ಇದ್ದರೆ ಒಪ್ಪುವುದಿಲ್ಲ. ಹಾಗಾಗಿ ಎರಡನೇ, ಮೂರನೇ ಸ್ಥಾನ ಬಂದ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ.