ಮೂತ್ರದ ಲೆಕ್ಕ ಮೂರು ದಿನ ಬರೆಯುವುದು ಹೇಗೆ?

"ಬಚ್ಚಲಿಗೆ ಓಡುವಷ್ಟರಲ್ಲಿ ಸೀರೆ ಒದ್ದೆಯಾಗುತ್ತೆ ಸಿಸ್ಟರ್" ಎಂದು ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಹೆಂಗಸರು ದನಿ ತಗ್ಗಿಸಿ ಹೇಳುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೆ ಮೂರು ದಿನದ ಲೆಕ್ಕ ಬರೆದು ತರಲು ಹೇಳುತ್ತೇವೆ. ವಾಪಸು ಬರುವ ಎಷ್ಟೋ ಹಾಳೆಗಳು ಬಸ್ಸಿನಲ್ಲಿ ಕೂತು ತುಂಬಿದಂಥವು: ಬೆಳಿಗ್ಗೆ 200, ಮಧ್ಯಾಹ್ನ 200, ರಾತ್ರಿ 200. ಇದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಅಳತೆಯ ಜಗ್ಗು. ಸಂತೆಯ ತೆಳು ಪ್ಲಾಸ್ಟಿಕ್ಕಿನದು ಬೇಡ. ನಾಲ್ಕು ಸಲ ತೊಳೆದರೆ ಗೆರೆಯೇ ಅಳಿಸಿಹೋಗುತ್ತದೆ. ಅರ್ಧ ಲೀಟರ್ ಬಾಟಲಿಯ ನೀರು ಸುರಿದು ನೋಡಿ, 500ರ ಗೆರೆ ಮುಟ್ಟಬೇಕು. ಗೆರೆಗಳ ಮೇಲೆ ನೈಲ್ ಪಾಲಿಶ್ ಎಳೆದಿಟ್ಟರೆ ರಾತ್ರಿಯೂ ಕಾಣುತ್ತವೆ.

ಪ್ರತಿ ಸಲ ಗಂಟೆ, ಎಷ್ಟು ಮಿಲಿ, ಅವಸರ ಇತ್ತೇ, ಸೋರಿತೇ, ಆಗ ಏನು ಮಾಡುತ್ತಿದ್ದಿರಿ, ಇಷ್ಟನ್ನು ಆಗಲೇ ಬರೆಯಿರಿ. "ನಲ್ಲಿ ತಿರುಗಿಸಿದೆ, ತಡೆಯಲಾಗಲಿಲ್ಲ" ಎಂಬ ಒಂದು ಸಾಲು ಡಾಕ್ಟರಿಗೆ ಬಹಳ ಹೇಳುತ್ತದೆ. ಅಡಿಕೆ ಸುಲಿಯಲು ಹೋದಲ್ಲಿ ಅಳೆಯಲಾಗದಿದ್ದರೆ ಗಂಟೆಯ ಮುಂದೆ ಗುರುತು ಹಾಕಿ ಸಾಕು, ಅಂದಾಜು ಬರೆಯಬೇಡಿ. ಕುಡಿದದ್ದನ್ನೂ ಬರೆಯಬೇಕು. ನಿಮ್ಮ ಲೋಟಕ್ಕೆ ಎಷ್ಟು ಹಿಡಿಯುತ್ತದೆಂದು ಒಮ್ಮೆ ಅಳೆದುಕೊಳ್ಳಿ. ಲೆಕ್ಕ ಚೆನ್ನಾಗಿ ಕಾಣಲೆಂದು ಆ ಮೂರು ದಿನ ನೀರು, ಕಾಫಿ ಕಡಿಮೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬಹುತೇಕರು ತಪ್ಪುವುದು ರಾತ್ರಿಯಲ್ಲಿ. ಮಲಗಿದ ಗಂಟೆ, ಎದ್ದ ಗಂಟೆ ಎರಡೂ ಬೇಕು. ಮಲಗುವ ಮುಂಚಿನದು ಹಗಲಿನ ಲೆಕ್ಕಕ್ಕೆ. ಬೆಳಿಗ್ಗೆ ಎದ್ದೊಡನೆ ಹೋಗುವ ಮೊದಲನೆಯದರ ಅಳತೆಯೂ ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಅದು ನಿದ್ದೆಯಲ್ಲಿ ತುಂಬಿದ ಮೂತ್ರ. ಅದನ್ನು ಬಿಟ್ಟರೆ ಕಾರಣವೇ ಅದಲುಬದಲಾಗುತ್ತದೆ. 65 ದಾಟಿದವರಲ್ಲಿ ದಿನದ ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬಂದರೆ, ಕಾಲು ಬಾವು, ಹೃದಯದ ತೊಂದರೆಯಂಥವನ್ನೂ ಹುಡುಕಬೇಕು. ಪ್ರತಿ ಸಲ 80, 100 ಮಿಲಿ, ಜೊತೆಗೆ ತಡೆಯಲಾಗದ ಅವಸರ ಇದ್ದರೆ ಮೂತ್ರಕೋಶದ ಸ್ನಾಯು ತಾನಾಗಿ ಬಿಗಿಯುತ್ತಿರಬಹುದೆಂಬ ಅನುಮಾನ. ಪ್ರತಿ ಸಲವೂ 400 ಬಂದು ದಿನಕ್ಕೆ ಮೂರು ಲೀಟರ್ ದಾಟಿದರೆ ಕುಡಿಯುವುದು ಹೆಚ್ಚಾಯಿತೇ, ಸಕ್ಕರೆ ಕಾಯಿಲೆಯೇ ಎಂದು ನೋಡುತ್ತಾರೆ.

ಅಗತ್ಯವಿದ್ದರೆ ಮುಂದಿನದು ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ. ಮೂತ್ರಕೋಶಕ್ಕೊಂದು, ಗುದದ್ವಾರಕ್ಕೊಂದು ಸಣ್ಣ ನಳಿಕೆ ಇಟ್ಟು, ಮೂತ್ರಕೋಶಕ್ಕೆ ನಿಧಾನವಾಗಿ ಸಲೈನ್ ತುಂಬುತ್ತಾರೆ. ಮೊದಲ ನಳಿಕೆ ತೋರಿಸುವ ಒಟ್ಟು ಒತ್ತಡದಲ್ಲಿ ಎರಡನೆಯದು ತೋರಿಸುವ ಹೊಟ್ಟೆಯ ಒತ್ತಡ ಕಳೆದರೆ ಉಳಿಯುವುದು ಮೂತ್ರಕೋಶದ ಸ್ನಾಯುವಿನದು. ಮನೆಯಲ್ಲಿ ದಿನವೂ ಕಾಡುವ ಅವಸರ ಆ ಹೊತ್ತಿನಲ್ಲಿ ಕಾಣದೆಯೂ ಹೋಗಬಹುದು. ಆದ್ದರಿಂದ ಆವತ್ತೂ ನಿಮ್ಮ ಹಾಳೆ ಕೈಯಲ್ಲಿರಲಿ, ಬಿ.ಪಿ. ಮಾತ್ರೆ ನುಂಗುವ ಹೊತ್ತನ್ನೂ ಅದರಲ್ಲಿ ಬರೆದಿರಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಮೂರು ದಿನ ಕಾಯದೆ ಅಂದೇ ಹೊರಟು ಬನ್ನಿ.