ಟ್ಯಾಂಕಿನ ಹೊರಗೆ ನಿಂತವನಿಗೇ ಮೊದಲು ಟ್ರೇನಿಂಗ್: ನನ್ನ ಅನುಭವ

ನಾನು ಸೇಫ್ಟಿ ಟ್ರೇನರ್. ಮಂಗಳೂರಿನ ಬೈಕಂಪಾಡಿ, ಪಣಂಬೂರು, ಉಳ್ಳಾಲದ ಕೋಟೆಪುರ, ಆಚೆ ಮಲ್ಪೆ, ಹೆಚ್ಚಿನ ಕೆಲಸ ಇಷ್ಟರೊಳಗೇ. ಐಟಿಐ ಫಿಟ್ಟರ್ ಮಾಡಿ ಕುವೈತ್‌ಗೆ ಹೋಗಿದ್ದೆ, ಅಲ್ಲಿ ಆಯಿಲ್ ಸೈಟಲ್ಲಿ ಇರುವಾಗ ನೆಬೋಶ್ ಅನ್ನುವ ಸೇಫ್ಟಿ ಕೋರ್ಸ್ ಮಾಡಿಕೊಂಡೆ, ಊರಿಗೆ ಬಂದ ಮೇಲೆ ಇದೇ ಹೊಟ್ಟೆಪಾಡು. ಬೆಂಕಿ, ಎತ್ತರದ ಕೆಲಸ, ಫೋರ್ಕ್‌ಲಿಫ್ಟ್, ಕರೆಂಟು ಎಲ್ಲದರ ಕ್ಲಾಸೂ ತಗೊಳ್ತೇನೆ, ಆದರೆ ಇಲ್ಲಿ ಬರೀಲಿಕ್ಕೆ ಹೊರಟದ್ದು ಒಂದೇ ವಿಷಯ: ಟ್ಯಾಂಕು, ಪಿಟ್ಟು, ಬೋಟಿನಡಿಯ ಸ್ಟೋರೇಜು, ಬಾವಿ, ಹೀಗೆ ಗಾಳಿ ಆಡದ ಜಾಗಕ್ಕೆ ಇಳಿಯುವ ಕೆಲಸ. ಮೀನಿನ ಕಾರ್ಬಾರು ಇರುವ ಊರಲ್ಲಿ ಇದರಷ್ಟು ಮೋಸದ ಅಪಾಯ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಮೇಲಿಂದ ಬಿದ್ದರೆ ಸಾಯ್ತೇನೆ ಅಂತ ಯಾರಿಗಾದ್ರೂ ಗೊತ್ತಾಗ್ತದೆ, ಇದು ಕಣ್ಣಿಗೆ ಕಾಣುದೇ ಇಲ್ಲ.

2022ರ ಏಪ್ರಿಲ್‌ನಲ್ಲಿ ಮಂಗಳೂರು ಎಸ್‌ಇಝಡ್‌ನ (ವಿಶೇಷ ಆರ್ಥಿಕ ವಲಯ) ಒಂದು ಮೀನು ಸಂಸ್ಕರಣೆ ಘಟಕದಲ್ಲಿ ಆದದ್ದು ಇಲ್ಲಿಯವರಿಗೆ ನೆನಪಿರ್ಬಹುದು. ಟ್ಯಾಂಕಿಗೆ ಇಳಿದ ಒಬ್ಬ ಬಿದ್ದ, ಅವನನ್ನು ಎತ್ತಲಿಕ್ಕೆ ಅಂತ ಜೊತೆಯವರು ಇಳಿದರು, ಕೊನೆಗೆ ಪಶ್ಚಿಮ ಬಂಗಾಳದ 5 ಜನ ತೀರಿಕೊಂಡರು. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕ ಸರ್ಕಾರದ ನಿಯೋಶ್ ಅನ್ನುವ ಸಂಸ್ಥೆ 1986ರಲ್ಲೇ ಹೇಳಿತ್ತು, ಇಂಥ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲಿಕ್ಕೆ ಅಂತ ಇಳಿದವರು ಅಂತ. ಅಂದ್ರೆ ಕೆಲಸಕ್ಕೆ ಇಳಿದು ಸತ್ತವರಿಗಿಂತ ಕನಿಕರಕ್ಕೆ ಇಳಿದು ಸತ್ತವರೇ ಜಾಸ್ತಿ. ಈ ಲೆಕ್ಕ ಓದಿದ ಮೇಲೆ ನನ್ನ ಕ್ಲಾಸನ್ನೇ ತಿರುಗಿಸಿಬಿಟ್ಟೆ. ಒಳಗೆ ಇಳಿಯುವವನಿಗೆ ಎಂತ ಹೇಳ್ಬೇಕೋ ಅದನ್ನು ಬೆಳಿಗ್ಗೆಯೇ ಹೇಳಿ ಮುಗಿಸ್ತೇನೆ, ಉಳಿದ ಇಡೀ ದಿನ ಹೊರಗೆ ನಿಲ್ಲುವವರದ್ದು.

ಇಳಿಯಬೇಡಿ ಅಂತ ಹೇಳಿದ್ರೆ ಸಾಕಲ್ವಾ ಅಂತ ಕೇಳುವವರು ಇದ್ದಾರೆ. ಸಾಕಾಗುದಿಲ್ಲ ಮಾರ್ರೆ. ಈ ಪ್ಲಾಂಟುಗಳಲ್ಲಿ ದುಡಿಯುವ ಹುಡುಗರು ಬಂಗಾಳ, ಒಡಿಶಾ, ಜಾರ್ಖಂಡ್ ಕಡೆಯಿಂದ ಬರುವಾಗ ಒಂದೇ ಊರಿಂದ ಗುಂಪು ಕಟ್ಟಿಕೊಂಡು ಬರ್ತಾರೆ, ಅಣ್ಣ ತಮ್ಮ, ಚಿಕ್ಕಪ್ಪನ ಮಗ, ಭಾವ, ಎಲ್ಲ ಒಂದೇ ರೂಮಲ್ಲಿ ಮಲಗುವವರು, ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುವವರು. ತಮ್ಮ ಒಳಗೆ ಬಿದ್ದಿರುವಾಗ ಅಣ್ಣನಿಗೆ ನನ್ನ ಕ್ಲಾಸು, ನನ್ನ ಪೋಸ್ಟರು ಯಾವುದೂ ನೆನಪಿಗೆ ಬರುದಿಲ್ಲ, ಕಾಲು ತಾನಾಗಿ ಏಣಿ ಹುಡುಕ್ತದೆ. ಬೇಡ ಅಂತ ತಡೆದ್ರೆ ಸಾಲದು, ಆ ಹೊತ್ತಿಗೆ ಅವನ ಕೈಗೆ ಬೇರೆ ಒಂದು ಕೆಲಸ ಕೊಟ್ಟಿರಬೇಕು, ಅದೂ ತಮ್ಮನನ್ನು ನಿಜವಾಗಿ ಹೊರಗೆ ತರುವ ಕೆಲಸ.

ಕ್ಯಾಂಟೀನಲ್ಲಿ ಪ್ರೊಜೆಕ್ಟರ್ ಹಾಕಿ ಮಧ್ಯಾಹ್ನದ ಊಟ ಆದ ಮೇಲೆ ಸ್ಲೈಡ್ ತೋರಿಸುವ ಪದ್ಧತಿ ನಾನು ಪೂರ್ತಿ ಬಿಟ್ಟಿದ್ದೇನೆ. ಸೀದಾ ಅವರು ದಿನಾ ನೋಡುವ ಟ್ಯಾಂಕಿನ ಬಾಯಿಯ ಹತ್ತಿರವೇ ನಿಲ್ಲಿಸಿಕೊಳ್ತೇನೆ. ಮೊದಲು ಗ್ಯಾಸ್ ಮೀಟರನ್ನು ಒಬ್ಬೊಬ್ಬರ ಕೈಗೂ ಕೊಡುದು. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 20.9 ಅಂತ ತೋರಿಸ್ತದೆ, 19.5ಕ್ಕಿಂತ ಕೆಳಗೆ ಹೋದ್ರೆ ಬಡ್ಕೊಳ್ತದೆ. ಒಬ್ಬನಿಗೆ ಉಸಿರು ಒಳಗೆ ಎಳೆದು ಸ್ವಲ್ಪ ಹೊತ್ತು ಹಿಡಿದು ಮೀಟರಿನ ಮೇಲೆ ಮೆಲ್ಲ ಬಿಡ್ಲಿಕ್ಕೆ ಹೇಳ್ತೇನೆ. ನಾವು ಬಿಡುವ ಉಸಿರಲ್ಲಿ ಆಕ್ಸಿಜನ್ 16-17 ಅಷ್ಟೇ ಇರುದು, ಮೀಟರ್ ಕೂಡ್ಲೇ ಕೂಗ್ತದೆ. ಎಲ್ಲರಿಗೂ ಒಮ್ಮೆ ಮಾಡಿ ನೋಡ್ಬೇಕು, ನಗ್ತಾರೆ, ಸಾಲು ನಿಲ್ತಾರೆ, ಅಷ್ಟೊತ್ತಿಗೆ ಆ ಮೀಟರಿನ ಹೆದರಿಕೆ ಹೋಗಿ ಅದು ಅವರದ್ದೇ ಸಾಮಾನು ಆಗಿರ್ತದೆ. ಇದು ತೋರಿಸ್ಲಿಕ್ಕೆ ಮಾತ್ರ, ಮೀಟರ್ ಸರಿ ಉಂಟಾ ಅಂತ ನೋಡ್ಲಿಕ್ಕೆ ದಿನಾ ಟೆಸ್ಟ್ ಗ್ಯಾಸ್ ಹಿಡಿದೇ ನೋಡ್ಬೇಕು, ಅದನ್ನು ಸ್ಟೋರಿನವರಿಗೆ ಬೇರೆಯೇ ಕೂತು ಕಲಿಸ್ತೇನೆ.

ಮತ್ತೆ ವಾಸನೆಯ ವಿಷಯ. ಮೀನಿನ ಕೆಲಸದವರಿಗೆ ವಾಸನೆ ಅಂದ್ರೆ ಲೆಕ್ಕಕ್ಕೇ ಇಲ್ಲ, ಅಲ್ಲೇ ನನಗೆ ಜಾಸ್ತಿ ಹೆದರಿಕೆ. ಮೀನು ಕೊಳೆತ ನೀರಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾರಿದ ಹಾಗೆ ನಾರ್ತದೆ. 10 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಪಾಲಲ್ಲಿ 10 ಪಾಲು, ಇಡೀ ಪಾಳಿ ದುಡಿಯುವವನಿಗೆ ನಮ್ಮ ಫ್ಯಾಕ್ಟರಿ ಕಾಯ್ದೆ ಇಟ್ಟಿದ್ದ ಮಿತಿ. 100ರ ಹತ್ತಿರ ಹೋದಾಗ ಮೂಗೇ ಸತ್ತು ಹೋಗ್ತದೆ, ವಾಸನೆ ಗೊತ್ತೇ ಆಗುದಿಲ್ಲ. ಮೇಲೆ ನಿಂತವ ಎಂತ ಹೇಳ್ತಾನೆ, ಆಗ ನಾರ್ತಾ ಇತ್ತು ಈಗ ಇಲ್ಲ, ಗಾಳಿ ಸರಿ ಆಯ್ತು ಇಳಿ ಅಂತಾನೆ. 500 ದಾಟಿದ್ರೆ ಕೂಗ್ಲಿಕ್ಕೂ ಪುರುಸೊತ್ತು ಸಿಗುದಿಲ್ಲ. ಗಾಳಿಗಿಂತ ಭಾರ ಅದು, ತಳದಲ್ಲೇ ಕೂತಿರ್ತದೆ, ಹಾಗಾಗಿ ಟ್ಯಾಂಕಿನ ಬಾಯಲ್ಲಿ ಮೀಟರ್ ಹಿಡಿದು ಸೊನ್ನೆ ಅಂತ ಬರ್ಕೊಂಡ್ರೆ ಎಂತ ಪ್ರಯೋಜನ? ಹಗ್ಗ ಕಟ್ಟಿ ಮೇಲೆ, ನಡುವಲ್ಲಿ, ತಳದಲ್ಲಿ, ಹೀಗೆ ಇಳಿಸ್ತಾ ಪ್ರತಿ ಕಡೆ ನಿಲ್ಲಿಸಿ ನೋಡ್ಬೇಕು. ಕೆಸರು ಕಲಕಿದ ಕೂಡ್ಲೇ ಅಡಿಯಲ್ಲಿ ಸಿಕ್ಕಿದ್ದ ಗ್ಯಾಸ್ ಎದ್ದು ಬರ್ತದೆ, ಆದ್ದರಿಂದ ಬೆಳಿಗ್ಗೆ ನೋಡಿದ್ದು ಬೆಳಿಗ್ಗೆಗೆ ಮಾತ್ರ, ಇಳಿದವನ ಮೈಮೇಲೆ ಮೀಟರ್ ಇರಲೇಬೇಕು. ಮುಖಕ್ಕೆ ಕಟ್ಟುವ ಬಟ್ಟೆ, ಎನ್95 ಮಾಸ್ಕ್ ಇಲ್ಲಿ ಯಾವ ಕೆಲಸಕ್ಕೂ ಬರುದಿಲ್ಲ. ಫಿಲ್ಟರ್ ಮಾಸ್ಕ್ ಗಾಳಿಯನ್ನು ಸೋಸ್ತದೆ, ಇಲ್ಲದ ಆಕ್ಸಿಜನ್ನನ್ನು ಎಲ್ಲಿಂದ ತರ್ತದೆ.

ಊರಿನವರು ಇರುವ ಬ್ಯಾಚಲ್ಲಿ ಬಾವಿಯ ಮಾತು ಬಂದೇ ಬರ್ತದೆ. ಬೇಸಿಗೆಯಲ್ಲಿ ಬಾವಿ ಕ್ಲೀನ್ ಮಾಡುದು ನಮ್ಮಲ್ಲಿ ಮನೆ ಮನೆಯ ಕೆಲಸ, ಹಿರಿಯರು ಲಾಟೀನು ಇಳಿಸಿ ನೋಡುವ ಕ್ರಮ ಗೊತ್ತಿರುವವರು ಈಗಲೂ ಇದ್ದಾರೆ. ಅದನ್ನು ನಾನು ಹೀಯಾಳಿಸುದಿಲ್ಲ, ದೀಪ ಆರಿದ್ರೆ ಆಕ್ಸಿಜನ್ ಕಡಿಮೆ ಅಂತ ಅರ್ಥ ಹೌದು. ಆದರೆ ದೀಪ ಉರಿತಾ ಇದ್ರೆ ಗಾಳಿ ಸರಿ ಉಂಟು ಅಂತ ಅಲ್ಲ. ಸಾಯಿಸುವಷ್ಟು ವಿಷದ ಗ್ಯಾಸ್ ಇದ್ರೂ ದೀಪ ಉರಿತದೆ, ಆಕ್ಸಿಜನ್ 17ಕ್ಕೆ ಇಳಿದಾಗಲೂ ಉರಿಬಹುದು, ಇನ್ನು ಪಿಟ್ಟಿನಲ್ಲಿ ಮೀಥೇನ್ ಇದ್ರೆ ದೀಪವೇ ಬೆಂಕಿ ಹಚ್ಚುದು. ಅದರ ಜೊತೆ ಇನ್ನೊಂದು ಮಾತು ಸೇರಿಸ್ತೇನೆ, ಪೆಟ್ರೋಲ್ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಸ್ಟಾರ್ಟ್ ಮಾಡ್ಬೇಡಿ, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಈ ಭಾಗ ಕೇಳಿದವರು ಮನೆಗೆ ಹೋಗಿ ಹೇಳ್ತಾರೆ, ಹಾಗಾಗಿ ಎಷ್ಟು ತಡ ಆದ್ರೂ ಇದನ್ನು ಬಿಡುದಿಲ್ಲ.

ಮಧ್ಯಾಹ್ನದ ಮೇಲೆ ಚೀಲದ ಕೆಲಸ. ಹಳೆ ಬಾಯ್ಲರ್ ಸೂಟಿಗೆ ಮರಳು ತುಂಬಿದ ಚೀಲ ಹಾಕಿ ಹೊಲಿಸಿ 60 ಕಿಲೋದ ಒಂದು ಆಳು ಮಾಡಿಟ್ಟುಕೊಂಡಿದ್ದೇನೆ. ತೊಳೆದು ಒಣಗಿಸಿ ಗ್ಯಾಸ್ ನೋಡಿ ಆದ ಖಾಲಿ ಟ್ಯಾಂಕಿಗೆ ಅದನ್ನು ಇಳಿಸಿ, ಬ್ಯಾಚಲ್ಲಿ ಎಲ್ಲರಿಗಿಂತ ಗಟ್ಟಿ ಇರುವ ಇಬ್ಬರಿಗೆ ಬರೇ ಹಗ್ಗದಲ್ಲಿ ಎಳೀಲಿಕ್ಕೆ ಹೇಳ್ತೇನೆ. ಐಸ್ ಬ್ಲಾಕ್ ಎತ್ತುವ ತೋಳು ಅವರದ್ದು, ಆದ್ರೂ ಮ್ಯಾನ್‌ಹೋಲಿನ ಅಂಚಿಗೆ ಬರುವಾಗ ಭುಜ ಸಿಕ್ಕಿಕೊಂಡು ಅಲ್ಲೇ ನಿಲ್ತದೆ, ಬೆವರು ಕಿತ್ತು ಬರ್ತದೆ. ಆಮೇಲೆ ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡು) ನಿಲ್ಲಿಸಿ ವಿಂಚ್ (ಹಿಡಿ ತಿರುಗಿಸಿ ಹಗ್ಗ ಸುತ್ತುವ ರಾಟೆ) ಹಾಕಿ, ಆ ಆಳಿನ ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿಯ ಬೆನ್ನಿನ ರಿಂಗಿಗೆ ಕೊಕ್ಕೆ ಹಾಕಿ, ಬ್ಯಾಚಲ್ಲಿ ಎಲ್ಲರಿಗಿಂತ ಸಪೂರದವನನ್ನು ಕರೆದು ಹಿಡಿ ತಿರುಗಿಸು ಅಂತೇನೆ. ಮರಳಿನ ಆಳು ನೆಟ್ಟಗೆ ಮೇಲೆ ಬರ್ತದೆ. ಇದನ್ನು ನೋಡಿದ ಮೇಲೆ ನಾನು ಜಾಸ್ತಿ ಮಾತಾಡ್ಬೇಕಾಗಿ ಬರುದಿಲ್ಲ. ಉಸಿರು ನಿಂತವನಿಗೆ 4ರಿಂದ 6 ನಿಮಿಷದೊಳಗೆ ಮೆದುಳಿಗೆ ಪೆಟ್ಟು ಬೀಳ್ಲಿಕ್ಕೆ ಶುರು, ತೊಕ್ಕೊಟ್ಟು ದಾಟಿ ಕೋಟೆಪುರದವರೆಗೆ ಫೈರ್ ಇಂಜಿನ್ ಬರ್ಬೇಕಾದ್ರೆ ಎಷ್ಟು ಹೊತ್ತು ಅಂತ ಅವರೇ ಲೆಕ್ಕ ಹಾಕ್ತಾರೆ. ಅಂದ್ರೆ ಹೊರಗಿನವನ ಕೈಯಲ್ಲಿ ಆ ವಿಂಚಿನ ಹಿಡಿ ಮೊದಲೇ ಇರ್ಬೇಕು, ಬಿದ್ದ ಮೇಲೆ ಹುಡುಕುದಲ್ಲ.

ಮಾಲೀಕರಲ್ಲಿ ಕೆಲವರು ಇದೆಲ್ಲ ಫಾರಿನ್ ಕ್ರಮ, ಇಲ್ಲಿಗೆ ಆಗುದಿಲ್ಲ ಅಂತಾರೆ. ಅವರಿಗೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 36ನೇ ಸೆಕ್ಷನ್ ಪ್ರಿಂಟ್ ತೆಗೆದು ಕೊಡ್ತೇನೆ. ಒಂದೋ ಬಲ್ಲವ ತಾನೇ ಪರೀಕ್ಷೆ ಮಾಡಿ ಗ್ಯಾಸ್ ಇಲ್ಲ ಅಂತ ಬರೆದು ಕೊಡ್ಬೇಕು, ಇಲ್ಲಾಂದ್ರೆ ಇಳಿಯುವವನಿಗೆ ಉಸಿರಾಟದ ಸಾಧನ ಹಾಕಿ ಬೆಲ್ಟಿಗೆ ಹಗ್ಗ ಕಟ್ಟಿ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಒಬ್ಬ ಹಿಡಿದು ನಿಲ್ಬೇಕು, ಇದು ನಮ್ಮ ದೇಶದ ಕಾನೂನಲ್ಲೇ ಬರೆದಿಟ್ಟಿದ್ದ ಮಾತು. ನಾನು ಹೊಸತು ಎಂತದೂ ಕಂಡುಹಿಡಿದಿಲ್ಲ, ಆ ಹೊರಗಿನ ಒಬ್ಬನನ್ನು ತಯಾರು ಮಾಡ್ತೇನೆ ಅಷ್ಟೇ.

ಅವನ ಕೆಲಸ ಎಂತೆಂತ ಅಂತ ಬಾಯಿಪಾಠ ಮಾಡಿಸ್ತೇನೆ. ಟ್ಯಾಂಕಿನ ಬಾಯಿಯ ಹತ್ತಿರದಿಂದ ಎಲ್ಲಿಗೂ ಹೋಗ್ಲಿಕ್ಕಿಲ್ಲ, ಚಾ ಕುಡೀಲಿಕ್ಕೂ ಇಲ್ಲ, ಫೋನು ಜೇಬಲ್ಲಿ. ಒಳಗಿನವನ ಜೊತೆ ಮಾತಾಡ್ತಾ ಇರ್ಬೇಕು, ಉತ್ತರ ಬರಲಿಲ್ಲ ಅಂದ್ರೆ ಇನ್ನೊಮ್ಮೆ ಕರೆದು ಕಾಯುದಲ್ಲ, ವಿಂಚ್ ತಿರುಗಿಸುದು. ಕೂಗಿ ಜನ ಸೇರಿಸುದು, ಒಳಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸದೆ ಇರುದು, ಒಬ್ಬನ ಹತ್ರ 112ಕ್ಕೆ ಫೋನ್ ಮಾಡಿಸುದು. ಓಡಿ ಬಂದವರನ್ನು ಬಾಯಿಗೆ ಅಡ್ಡ ನಿಂತು ತಡೆಯುದು, ಅವ ಮ್ಯಾನೇಜರ್ ಆದ್ರೂ ಸರಿ. ಈ ಕೊನೆಯದ್ದೇ ಕಷ್ಟ. ಅದಕ್ಕೆ ನಾಟಕ ಮಾಡಿಸ್ತೇನೆ, ಸೂಪರ್‌ವೈಸರನ್ನೇ ಕರೆದು "ಐದು ನಿಮಿಷದ ಕೆಲಸ ಮಾರಾಯ, ಮೀಟರ್ ಎಲ್ಲ ಬೇಡ, ಇಳಿ ನೀನು" ಅಂತ ಹೇಳಿಸುದು, ಹುಡುಗ ಎಲ್ಲರ ಎದುರು ಇಲ್ಲ ಅನ್ಬೇಕು. ಮೊದಲಿಗೆ ತಲೆ ತಗ್ಗಿಸಿ ನಿಲ್ತಾರೆ. ಸೂಪರ್‌ವೈಸರ್ ತಾನೇ "ಹಾಗೆ ಹೇಳು, ನಾನು ಬೈಯುದಿಲ್ಲ" ಅಂತ ಬಾಯಿಬಿಟ್ಟು ಹೇಳಿದ ದಿನ ಆ ಪ್ಲಾಂಟಲ್ಲಿ ಏನೋ ಒಂದು ಬದಲಾಯ್ತು ಅಂತ ನನಗೆ ಧೈರ್ಯ ಬರ್ತದೆ. ಸೂಪರ್‌ವೈಸರ್ ಬರುದಿಲ್ಲ, ನೀವು ಲೇಬರಿಗೆ ಮಾತ್ರ ಹೇಳಿ ಅಂದ ಕಡೆ ನಾನು ಕ್ಲಾಸ್ ಒಪ್ಪಿಕೊಳ್ಳುದಿಲ್ಲ.

ಭಾಷೆ ಒಂದು ದೊಡ್ಡ ವಿಷಯ. ತುಳು, ಕನ್ನಡ, ಬ್ಯಾರಿ ನನಗೆ ಬರ್ತದೆ, ಹಿಂದಿ ಗಲ್ಫಲ್ಲಿ ಕಲ್ತದ್ದು, ಬಂಗಾಳಿ ಒಡಿಯಾ ಬರುದಿಲ್ಲ. ಅನುವಾದ ಮಾಡ್ಲಿಕ್ಕೆ ಆ ಗುಂಪಲ್ಲಿ ಚೆಂದ ಹಿಂದಿ ಮಾತಾಡುವವನನ್ನು ಆರಿಸಿದ್ರೆ ಪ್ರಯೋಜನ ಕಡಿಮೆ. ಯಾರು ಹೇಳಿದ್ರೆ ಉಳಿದವರು ಸುಮ್ಮನೆ ಕೇಳ್ತಾರೆ, ಊರಿಗೆ ದುಡ್ಡು ಕಳಿಸುವ ವಿಷಯದಲ್ಲಿ ಯಾರ ಹತ್ರ ಸಲಹೆ ಕೇಳ್ತಾರೆ, ಅವನನ್ನು ಹುಡುಕಿ ಅವನ ಬಾಯಲ್ಲಿ ಹೇಳಿಸ್ಬೇಕು, ಅವನ ಹಿಂದಿ ಹರಕು ಮುರುಕಾದ್ರೂ ಪರವಾಗಿಲ್ಲ.

  

ಪರೀಕ್ಷೆ ಅಂತ ನಾನು ಪೇಪರ್ ಕೊಡುದಿಲ್ಲ. ಕೆಲವು ವಾರ ಬಿಟ್ಟು ಮ್ಯಾನೇಜರಿಗೆ ಮಾತ್ರ ತಿಳಿಸಿ ಹೋಗ್ತೇನೆ. ಟ್ಯಾಂಕಿನ ಬಾಯಿಗೆ ಯಾರೂ ನುಸುಳದ ಹಾಗೆ ಕಬ್ಬಿಣದ ಗ್ರಿಲ್ ಬೀಗ ಹಾಕಿ ಕೂರಿಸಿ, ಒಬ್ಬನ ಹತ್ರ "ಬಿದ್ದ, ಬಿದ್ದ" ಅಂತ ಕೂಗಿಸಿ ಬದಿಗೆ ನಿಂತು ಕಾಲುಗಳನ್ನೇ ನೋಡುದು. ಯಾರ ಕಾಲು ವಿಂಚಿನ ಕಡೆ ಓಡ್ತದೆ, ಯಾರದ್ದು ಬಾಯಿಯ ಕಡೆ. ಬಾಯಿಗೆ ಓಡಿದವನಿಗೆ ಬೈಗುಳ ಇಲ್ಲ, ಅವ ಒಳ್ಳೆಯವನೇ, ಅವನನ್ನೇ ಮುಂದಿನ ಸಲ ಹೊರಗಿನ ಕಾವಲಿಗೆ ಹಾಕಿ ಅಂತ ಹೇಳಿ ಬರ್ತೇನೆ. ಓಡುವ ಮನಸ್ಸು ಉಂಟಲ್ಲ, ಅದಕ್ಕೆ ಹಿಡಿ ಸಿಕ್ಕಿದ್ರೆ ಆಯ್ತು.

ಇಂಥ ಒಂದು ಡ್ರಿಲ್ಲಲ್ಲಿ ಕೂಗು ಕೇಳಿದ ಕೂಡ್ಲೇ ಎಲ್ಲರಿಗಿಂತ ಮೊದಲು ಸೈರನ್ ಒತ್ತಿದ್ದು, ಓಡಿ ಬಂದ ಹುಡುಗನ ಅಂಗಿ ಹಿಡಿದು ಎಳೆದದ್ದು ಟ್ರೇ ತೊಳೆಯುವ ಒಬ್ಬ ಅಕ್ಕ. ಅವರು ಕ್ಲಾಸಿಗೆ ಕೂತವರೇ ಅಲ್ಲ, ದೂರದಿಂದ ಚೀಲದ ಆಟ ನೋಡಿದವರು. ಹೆಂಗಸರು ಟ್ಯಾಂಕಿಗೆ ಇಳಿಯುದಿಲ್ಲ ಅಂತ ಅವರನ್ನು ಯಾವ ಪ್ಲಾಂಟಿನವರೂ ಲಿಸ್ಟಿಗೆ ಸೇರಿಸ್ತಿರಲಿಲ್ಲ, ಆದರೆ ದಿನವಿಡೀ ಆ ಟ್ಯಾಂಕಿನ ಹತ್ತಿರ ಹೊರಗೆ ಇರುವವರು ಅವರೇ ಅಲ್ವಾ. ಈಗ ನನ್ನ ಷರತ್ತಿನಲ್ಲಿ ಅದೂ ಉಂಟು: ಮೀನು ಕಟ್ ಮಾಡುವವರು, ತೊಳೆಯುವವರು, ಗೇಟಿನ ವಾಚ್‌ಮನ್ ಎಲ್ಲ ಬ್ಯಾಚಲ್ಲಿ ಕೂರ್ಬೇಕು, ಅವರ ಅರ್ಧ ದಿನದ ಸಂಬಳ ಕಟ್ ಮಾಡ್ಲಿಕ್ಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದ್ ಇರುವಾಗ ಜನರಿಗೆ ಪುರುಸೊತ್ತು ಇರ್ತದೆ, ಟ್ಯಾಂಕುಗಳ ಕ್ಲೀನಿಂಗೂ ಆಗಲೇ, ಹಾಗಾಗಿ ಕ್ಲೀನಿಂಗ್ ಶುರು ಮಾಡುವ ಮೊದಲೇ ಕರೀರಿ ಅಂತ ಎಲ್ಲ ಕಡೆ ಮೇ ತಿಂಗಳಲ್ಲೇ ಫೋನ್ ಮಾಡಿ ಹೇಳಿಡ್ತೇನೆ.